ಎರೆಹುಳು ಕೊನೆಗೆ ಬರಲಿ: ಸಣ್ಣ ಪಟ್ಟಣದ ಹಸಿಕಸಕ್ಕೆ ಎರೆಗೊಬ್ಬರ ಘಟಕ ನಡೆಸುವ ಕ್ರಮ

ಪಟ್ಟಣ ಪಂಚಾಯಿತಿ ಮತ್ತು ಪುರಸಭೆಗಳ ಕಸ ವಿಲೇವಾರಿ ಜಾಗದಲ್ಲಿ ಸಾಲಾಗಿ ಕಟ್ಟಿದ ಎರೆಗೊಬ್ಬರದ ತೊಟ್ಟಿಗಳು ಒಂದೆರಡು ವರ್ಷದೊಳಗೆ ಖಾಲಿ ಬೀಳುವುದು, ಇಲ್ಲವೇ ಪ್ಲಾಸ್ಟಿಕ್ ತುಂಬಿಕೊಂಡು ನಿಲ್ಲುವುದು ಅನೇಕ ಊರುಗಳಲ್ಲಿ ಕಾಣುವ ಸಂಗತಿ. ಹುಳು ಸರಿ ಇರಲಿಲ್ಲ, ಸಿಬ್ಬಂದಿ ಸಾಲಲಿಲ್ಲ ಎಂದು ಆಮೇಲೆ ಹೇಳಲಾಗುತ್ತದೆ. ಆದರೆ ಬಹುತೇಕ ಕಡೆ ಕೆಟ್ಟಿರುವುದು ಕೆಲಸದ ಅನುಕ್ರಮ. ಮೊದಲು ತೊಟ್ಟಿ ಕಟ್ಟಿಸಿ, ಉದ್ಘಾಟನೆಯ ದಿನ ಹುಳು ಬಿಟ್ಟು, ಮರುದಿನದಿಂದ ಬಂದ ಕಸವನ್ನೆಲ್ಲ ಅದರ ಮೇಲೆ ಸುರಿದರೆ ಯಾವ ಜಾತಿಯ ಹುಳುವೂ ಬದುಕುವುದಿಲ್ಲ. ಹಸಿಕಸ ಬೇರೆಯಾಗಿ ಬರಬೇಕು, ಆಮೇಲೆ ಅದು ರಾಶಿಯಲ್ಲಿ ಬಿಸಿಯೇರಿ ಅರೆಕಳಿಯಬೇಕು, ಅಂದರೆ ಅರ್ಧ ಕೊಳೆಯಬೇಕು, ಅದಾದ ನಂತರವೇ ಹುಳು ಬರಬೇಕು. ಈ ಬರಹದ ಹಂತಗಳನ್ನು ಅದೇ ಕ್ರಮದಲ್ಲಿ ಜೋಡಿಸಲಾಗಿದೆ. ಒಂದು ಹಂತ ಗಟ್ಟಿಯಾಗುವವರೆಗೆ ಮುಂದಿನದಕ್ಕೆ ಹೋಗದಿರುವುದು ಒಳ್ಳೆಯದು.

ಹಂತ 1: ಪ್ರಮಾಣ ನಿರ್ಧರಿಸಿ, ಕಸವನ್ನು ತೂಗಿ

ಇಡೀ ಪಟ್ಟಣವನ್ನು ಒಮ್ಮೆಗೇ ಕೈಗೆತ್ತಿಕೊಳ್ಳಬಾರದು. ಸುಮಾರು 350ರಿಂದ 400 ಮನೆಗಳಿರುವ ಒಂದೆರಡು ವಾರ್ಡ್‌ಗಳನ್ನು ಆರಿಸಿಕೊಳ್ಳಿ. ಸಣ್ಣ ಪಟ್ಟಣಗಳಲ್ಲಿ ಒಬ್ಬರಿಂದ ದಿನಕ್ಕೆ 200ರಿಂದ 300 ಗ್ರಾಂ ಕಸ ಬರುತ್ತದೆ ಮತ್ತು ಅದರಲ್ಲಿ ಸರಿಸುಮಾರು ಅರ್ಧದಷ್ಟು ಹಸಿಕಸ ಎಂದು ಹಿಡಿದರೆ, ಇಷ್ಟು ಮನೆಗಳಿಂದ ದಿನಕ್ಕೆ 200 ಕಿಲೋ ಆಸುಪಾಸಿನ ಹಸಿಕಸ ಸಿಗುತ್ತದೆ. ಆದರೆ ಈ ಅಂದಾಜನ್ನು ನಂಬಿ ಕಟ್ಟಡಕ್ಕೆ ಇಳಿಯಬಾರದು. ಒಂದು ವಾರ, ಸಂತೆಯ ದಿನವೂ ಸೇರುವಂತೆ, ಪ್ರತಿದಿನದ ಕಸವನ್ನು ತೂಗಿ ಬರೆದಿಡಬೇಕು. ಸಂತೆಯ ದಿನ ಸೊಪ್ಪು ತರಕಾರಿಯ ತ್ಯಾಜ್ಯ ಎಷ್ಟು ಏರುತ್ತದೆ ಎಂಬುದು ತಿಳಿಯದಿದ್ದರೆ ಮುಂದೆ ಲೆಕ್ಕವೆಲ್ಲ ತಪ್ಪುತ್ತದೆ.

ಹಂತ 2: ಹಸಿಕಸ ಹಸಿಕಸವಾಗಿಯೇ ಬರುವಂತೆ ಮಾಡಿ

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿಕಸ, ಒಣಕಸ ಮತ್ತು ಮನೆಯ ಅಪಾಯಕಾರಿ ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು ಹೇಳಿದವು. ನಿಯಮ ಇದ್ದ ಮಾತ್ರಕ್ಕೆ ಬೇರ್ಪಡಿಕೆ ನಡೆಯುವುದಿಲ್ಲ. ಮನೆಯವರು ಎರಡು ಬಕೆಟ್‌ನಲ್ಲಿ ಕೊಟ್ಟ ಕಸ ತಮ್ಮ ಕಣ್ಣೆದುರೇ ಒಂದೇ ಗಾಡಿಯೊಳಗೆ ಬೆರೆತುಹೋಗುವುದನ್ನು ಕಂಡರೆ ಮರುದಿನದಿಂದ ಅವರು ಬೇರ್ಪಡಿಸುವುದನ್ನು ನಿಲ್ಲಿಸುತ್ತಾರೆ, ಮತ್ತು ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದ್ದರಿಂದ ಮೊದಲು ಆಟೋ ಟಿಪ್ಪರ್‌ನ ತೊಟ್ಟಿಯೊಳಗೆ ಗಟ್ಟಿಯಾದ ಅಡ್ಡತಡೆ ಹಾಕಿಸಿ. ಸ್ಯಾನಿಟರಿ ಪ್ಯಾಡ್, ಡಯಾಪರ್ ಮತ್ತು ಔಷಧಿ ತ್ಯಾಜ್ಯಕ್ಕೆ ಗಾಡಿಯ ಪಕ್ಕದಲ್ಲಿ ಪ್ರತ್ಯೇಕ ಚೀಲ ಕಟ್ಟಿಸಿ. ಅನಂತರ ಮನೆಮನೆಗೆ ಹೋಗಿ ಹೇಳಿ.

ಹೇಳುವ ಕೆಲಸವನ್ನು ಅದೇ ವಾರ್ಡಿನ ಸ್ವಸಹಾಯ ಸಂಘದ ಮಹಿಳೆಯರು ವಹಿಸಿಕೊಂಡರೆ ಕರಪತ್ರಕ್ಕಿಂತ ಹೆಚ್ಚು ಫಲ ಸಿಗುತ್ತದೆ. ಬೆರೆಸಿದ ಕಸವನ್ನು ಗಾಡಿಯವರು ಹಿಂದಿರುಗಿಸಬೇಕಾದ ಸಂದರ್ಭವೂ ಬರುತ್ತದೆ. ಆಗ ಜನರ ಸಿಟ್ಟಿಗೆ ಪೌರಕಾರ್ಮಿಕರು ಒಂಟಿಯಾಗಿ ಗುರಿಯಾಗಬಾರದು. ಮೊದಲ ಕೆಲವು ವಾರ ಆರೋಗ್ಯ ನಿರೀಕ್ಷಕರೋ ವಾರ್ಡಿನ ಸದಸ್ಯರೋ ಗಾಡಿಯ ಜೊತೆಗೆ ಇರಲೇಬೇಕು.

ಗೊಬ್ಬರದ ರಾಶಿಗೆ ಬರಬಾರದ ವಸ್ತುಗಳನ್ನು ಸ್ಪಷ್ಟವಾಗಿ ಬರೆದು ಘಟಕದ ಬಾಗಿಲಲ್ಲಿ ಹಾಕಿ. ರಸ್ತೆ ಗುಡಿಸಿದ ಧೂಳು, ಚರಂಡಿಯ ಹೂಳು, ಕೋಳಿ ಮತ್ತು ಮೀನಿನ ಅಂಗಡಿಯ ತ್ಯಾಜ್ಯ, ಎಳನೀರಿನ ಬುರುಡೆ, ಒಳಗೆ ಪ್ಲಾಸ್ಟಿಕ್ ಪದರ ಅಂಟಿಸಿದ ಕಾಗದದ ತಟ್ಟೆ ಲೋಟ, ಬಣ್ಣ ಬಳಿದ ಅಲಂಕಾರದ ವಸ್ತು ಇವು ಯಾವುವೂ ಇಲ್ಲಿಗೆ ಸೇರಿದವಲ್ಲ. ರಸ್ತೆಯ ಧೂಳು ಮಣ್ಣಿನಂತೆ ಕಾಣುವುದರಿಂದ ಅದನ್ನು ಸೇರಿಸಿದರೆ ಏನೂ ಆಗದು ಎಂಬ ಭಾವನೆ ವ್ಯಾಪಕವಾಗಿದೆ. ಅದರಲ್ಲಿ ಗಾಜಿನ ಚೂರು, ಮರಳು, ವಾಹನಗಳಿಂದ ಉದುರಿದ ಭಾರಲೋಹಗಳು ಇರುತ್ತವೆ, ಮತ್ತು ಒಮ್ಮೆ ಗೊಬ್ಬರಕ್ಕೆ ಸೇರಿದ ಲೋಹವನ್ನು ಹೊರತೆಗೆಯುವ ಉಪಾಯವಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ತಡೆಯಬೇಕಾದದ್ದು ಬ್ಲೀಚಿಂಗ್ ಪೌಡರ್ ಮತ್ತು ನೊಣನಾಶಕ. ಕಸ ಕಂಡಲ್ಲಿ ಬ್ಲೀಚಿಂಗ್ ಪೌಡರ್ ಎರಚುವುದು ನಮ್ಮ ಪಟ್ಟಣಗಳ ಹಳೆಯ ಅಭ್ಯಾಸ. ಅದು ಕಸವನ್ನು ಕೊಳೆಯಿಸಬೇಕಾದ ಸೂಕ್ಷ್ಮಜೀವಿಗಳನ್ನೂ ಹುಳುಗಳನ್ನೂ ಕೊಲ್ಲುತ್ತದೆ. ಗೊಬ್ಬರ ಘಟಕಕ್ಕೆ ಹೋಗುವ ಗಾಡಿಗೆ ಮತ್ತು ಘಟಕದ ಅಂಗಳಕ್ಕೆ ಇದನ್ನು ಬಳಸಬಾರದೆಂದು ಮುಖ್ಯಾಧಿಕಾರಿಗಳಿಂದ ಲಿಖಿತ ಸೂಚನೆ ಹೊರಡಿಸಿಕೊಳ್ಳಿ.

ಈ ಹಂತ ಮುಗಿದಿದೆಯೇ ಎಂದು ಅಳೆಯುವ ವಿಧಾನ ಸರಳ. ಬಂದ ಹಸಿಕಸದಲ್ಲಿ 100 ಕಿಲೋ ತೂಗಿ, ಟಾರ್ಪಾಲಿನ ಮೇಲೆ ಹರಡಿ, ಕೊಳೆಯದ ವಸ್ತುಗಳನ್ನು ಆರಿಸಿ ತೂಗಿ. ಅವು 5 ಕಿಲೋಗಿಂತ ಕಡಿಮೆ ಇರುವ ಸ್ಥಿತಿ ಸತತವಾಗಿ ಎರಡು ವಾರ ಉಳಿದರೆ ಮುಂದುವರಿಯಬಹುದು. 10 ಕಿಲೋ ದಾಟುತ್ತಿದ್ದರೆ ತೊಟ್ಟಿ ಕಟ್ಟುವ ಹಣವನ್ನು ಸದ್ಯಕ್ಕೆ ಹಾಗೆಯೇ ಉಳಿಸಿ, ಬೀದಿಯ ಕೆಲಸಕ್ಕೆ ಮರಳಿ.

ಹಂತ 3: ಜಾಗ, ಚಾವಣಿ ಮತ್ತು ಸಲಕರಣೆ

ದಿನಕ್ಕೆ 200 ಕಿಲೋ ಹಸಿಕಸಕ್ಕೆ ಬಿಡಿಸುವ ಜಾಗ, ರಾಶಿ, ತೊಟ್ಟಿ, ಓಡಾಟದ ದಾರಿ ಮತ್ತು ದಾಸ್ತಾನು ಎಲ್ಲ ಸೇರಿ ಸುಮಾರು 200 ಚದರ ಮೀಟರ್ ಬೇಕು. ಮಳೆನೀರು ಹರಿದು ಬರುವ ತಗ್ಗನ್ನು ಆರಿಸಬಾರದು. ಮಲೆನಾಡು ಮತ್ತು ಕರಾವಳಿಯಲ್ಲಿ ಗಾಳಿಯೊಡನೆ ಮಳೆ ಓರೆಯಾಗಿ ಹೊಡೆಯುವುದರಿಂದ ಚಾವಣಿ ಎಲ್ಲ ಕಡೆಯೂ ಹೊರಚಾಚಿರಬೇಕು. ಬಯಲುಸೀಮೆಯಲ್ಲಿ, ವಿಶೇಷವಾಗಿ ರಾಯಚೂರು, ಕಲಬುರಗಿಯಂತಹ ಕಡೆ, ಬರೀ ತಗಡಿನ ಚಾವಣಿ ಬೇಸಿಗೆಯಲ್ಲಿ ಒಳಗಿನ ಗಾಳಿಯನ್ನೇ ಬೇಯಿಸುತ್ತದೆ. ತಗಡಿನ ಮೇಲೆ ತೆಂಗಿನ ಗರಿಯನ್ನೋ ಸೋಗೆಯನ್ನೋ ಹೊದಿಸಬೇಕು.

ಬೇಕಾದ ಸಲಕರಣೆಗಳು: ತೂಕದ ಯಂತ್ರ, ಸಲಿಕೆ, ಹಲ್ಲುಗಳಿರುವ ಗುದ್ದಲಿ, ಪುಟ್ಟಿಗಳು, ತಳ್ಳುಗಾಡಿ, ಉದ್ದ ಕಡ್ಡಿಯ ಉಷ್ಣಮಾಪಕ, 4 ಮಿಲಿಮೀಟರ್ ಕಣ್ಣಿನ ಜರಡಿ, ಗೋಣಿಚೀಲ, ನೀರು ಚಿಮುಕಿಸುವ ಬಾಯಿಯ ಕೊಳವೆ ಮತ್ತು ಒಂದು ದಪ್ಪ ದಿನಚರಿ ಪುಸ್ತಕ. ಕಸ ಕತ್ತರಿಸುವ ಯಂತ್ರ ಇದ್ದರೆ ಅನುಕೂಲ, ಆದರೆ ಈ ಪ್ರಮಾಣಕ್ಕೆ ಅದು ಅನಿವಾರ್ಯವಲ್ಲ. ಕೆಲಸಗಾರರಿಗೆ ದಪ್ಪ ಕೈಗವಸು, ಗಮ್ ಬೂಟು, ಮುಖಗವಸು, ಧನುರ್ವಾಯು ಚುಚ್ಚುಮದ್ದು, ಸೋಪಿನೊಡನೆ ಕೈಕಾಲು ತೊಳೆಯುವ ನೀರು ಮತ್ತು ಬಟ್ಟೆ ಬದಲಿಸುವ ಕೋಣೆ ಮೊದಲ ದಿನವೇ ಇರಬೇಕು. ಹಣ ಸಾಲದೆ ಏನನ್ನಾದರೂ ಬಿಡಬೇಕಾದರೆ ಯಂತ್ರವನ್ನು ಬಿಡಿ, ಇವುಗಳನ್ನಲ್ಲ.

ಹಂತ 4: ಕಸವನ್ನು ಕಾಯಿಸಿ ಅರೆಕಳಿಸಿ

ಹೆಚ್ಚಿನ ಘಟಕಗಳು ಸೋಲುವುದು ಇಲ್ಲಿ. ಹಸಿಕಸ ರಾಶಿಯಾದಾಗ ಸೂಕ್ಷ್ಮಜೀವಿಗಳ ಕೆಲಸದಿಂದ ಅದು 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಈ ಶಾಖ ರೋಗಾಣುಗಳನ್ನೂ ಕಳೆ ಬೀಜಗಳನ್ನೂ ಟೊಮೇಟೊ, ಕುಂಬಳದ ಬೀಜಗಳನ್ನೂ ನಾಶಪಡಿಸುವುದರಿಂದ ನಮಗೆ ಬೇಕಾದದ್ದೇ. ಆದರೆ ಹುಳುಗಳು 35 ಡಿಗ್ರಿ ದಾಟಿದರೆ ನರಳತೊಡಗುತ್ತವೆ. ಹಸಿಯ ಕಸವನ್ನು ನೇರವಾಗಿ ಹುಳುವಿನ ತೊಟ್ಟಿಗೆ ಸುರಿದಾಗ ಮೂರನೆಯ ದಿನ ಹುಳುಗಳೆಲ್ಲ ಸತ್ತು ಅಥವಾ ಓಡಿಹೋಗಿ ಬರೀ ದುರ್ವಾಸನೆ ಉಳಿಯಲು ಕಾರಣ ಇದೇ.

ನೆಲದ ಮೇಲೆ ಒಂದು ಗೇಣು ದಪ್ಪಕ್ಕೆ ಕಬ್ಬಿನ ಸಿಪ್ಪೆ, ಜೋಳದ ದಂಟು, ತೊಗರಿ ಕಡ್ಡಿ ಅಥವಾ ತೆಂಗಿನ ಮಟ್ಟೆಯ ಚೂರುಗಳನ್ನು ಹರಡಿ. ತಳದಿಂದ ಗಾಳಿಯಾಡಲು ಮತ್ತು ನೀರು ಬಸಿಯಲು ಇದು ಅಗತ್ಯ. ಅದರ ಮೇಲೆ ಎರಡು ಪುಟ್ಟಿ ಹಸಿಕಸಕ್ಕೆ ಒಂದು ಪುಟ್ಟಿ ಒಣ ಎಲೆಯ ಪ್ರಮಾಣದಲ್ಲಿ ಪದರ ಹಾಕುತ್ತ, ಪ್ರತಿ ಪದರಕ್ಕೂ ತೆಳುವಾದ ಸಗಣಿ ಬಗ್ಗಡ ಚಿಮುಕಿಸಿ. ರಾಶಿಯ ಅಗಲ ಒಂದೂವರೆಯಿಂದ ಎರಡು ಮೀಟರ್, ಎತ್ತರ ಸುಮಾರು 1.2 ಮೀಟರ್ ಇರಲಿ. ಅದಕ್ಕಿಂತ ಚಿಕ್ಕದಾದರೆ ಕಾಯುವುದಿಲ್ಲ, ಬಹಳ ಎತ್ತರವಾದರೆ ಒಳಗೆ ಗಾಳಿಯಾಡುವುದಿಲ್ಲ. ಒಂದು ವಾರದ ಕಸ ಒಂದು ರಾಶಿ; ವಾರ ಮುಗಿದ ಮೇಲೆ ಅದಕ್ಕೆ ಒಂದು ಪುಟ್ಟಿ ಹಸಿಕಸವನ್ನೂ ಸೇರಿಸಬಾರದು. ಪ್ರತಿ ರಾಶಿಗೂ ಆರಂಭದ ಮತ್ತು ಮುಗಿದ ದಿನಾಂಕ ಬರೆದ ಹಲಗೆ ನೆಡಿ. ಹಲಗೆಯಿಲ್ಲದ ಘಟಕದಲ್ಲಿ ಹಳೆಯ ರಾಶಿಗೆ ಹೊಸ ಕಸ ಬಿದ್ದು ಯಾವುದು ಕಳಿತಿದೆ, ಯಾವುದು ಇಲ್ಲ ಎಂಬುದೇ ತಿಳಿಯದ ಸ್ಥಿತಿ ಬರುತ್ತದೆ.

ರಾಶಿ ಮುಗಿದ ಐದನೆಯ, ಹತ್ತನೆಯ ಮತ್ತು ಹದಿನೈದನೆಯ ದಿನ ಅದನ್ನು ಮಗುಚಿ ಹಾಕಬೇಕು, ಹೊರಗಿದ್ದದ್ದು ಒಳಗೆ ಹೋಗುವಂತೆ. ಸುಮ್ಮನೆ ಮೇಲ್ಭಾಗವನ್ನು ಕೆದಕಿದರೆ ಮಗುಚಿದಂತಾಗುವುದಿಲ್ಲ. ತೇವವನ್ನು ಕೈಯಿಂದಲೇ ಪರೀಕ್ಷಿಸಬಹುದು: ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ, ನೀರು ಧಾರೆಯಾಗಿ ಇಳಿದರೆ ಒಣ ಎಲೆ ಸಾಲದು, ಉಂಡೆ ಕಟ್ಟದೆ ಪುಡಿಯಾದರೆ ನೀರು ಸಾಲದು. ಉಷ್ಣಮಾಪಕ ಇಲ್ಲದಿದ್ದರೆ ಕಬ್ಬಿಣದ ಸರಳೊಂದನ್ನು ರಾಶಿಯ ನಡುವಿಗೆ ಹತ್ತು ನಿಮಿಷ ಚುಚ್ಚಿಟ್ಟು ಹೊರತೆಗೆಯಿರಿ. ಮೊದಲ ವಾರದಲ್ಲಿ ಅದು ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಿರಬೇಕು.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು ಎಂದರ್ಥ. ತಕ್ಷಣ ಮಗುಚಿ ಒರಟಾದ ಒಣವಸ್ತು ಸೇರಿಸಿ. ಮೂಗಿಗೆ ಚುರುಗುಟ್ಟುವ ಅಮೋನಿಯಾ ವಾಸನೆ ಬಂದರೆ ಒಣ ಎಲೆಯ ಪಾಲು ಕಡಿಮೆಯಾಗಿದೆ. ಐದು ದಿನವಾದರೂ ರಾಶಿ ಕಾಯದಿದ್ದರೆ ಅದು ಚಿಕ್ಕದಾಗಿದೆ, ಒಣಗಿದೆ, ಇಲ್ಲವೇ ಯಾರೋ ಕ್ರಿಮಿನಾಶಕ ಎರಚಿದ್ದಾರೆ. ರಾಶಿಯಿಂದ ಇಳಿಯುವ ಕಪ್ಪು ಕೊಳೆನೀರನ್ನು ಗುಂಡಿಯಲ್ಲಿ ಹಿಡಿದು ಅದೇ ರಾಶಿಗೆ ಮೊದಲ ವಾರದೊಳಗೆ ಚಿಮುಕಿಸಬಹುದು, ಚರಂಡಿಗೆ ಬಿಡಬಾರದು. ಇದನ್ನು ಎರೆಜಲ ಎಂದು ಸೀಸೆಯಲ್ಲಿ ತುಂಬಿ ರೈತರಿಗೆ ಕೊಡುವ ಪದ್ಧತಿ ಕೆಲವೆಡೆ ಇದೆ. ಹುಳುಗಳು ತುಂಬಿದ ಕಳಿತ ಗೊಬ್ಬರದ ಮೂಲಕ ಬಸಿದ ನೀರು ಬೇರೆ, ಹಸಿಕಸದಿಂದ ಇಳಿದ ಈ ಕೊಳೆನೀರು ಬೇರೆ. ಇದರಲ್ಲಿ ರೋಗಾಣುಗಳೂ ಲವಣವೂ ತುಂಬಿರುತ್ತವೆ.

ಸುಮಾರು 20ರಿಂದ 25 ದಿನಗಳಲ್ಲಿ ರಾಶಿ ಅರ್ಧಕ್ಕೆ ಕುಗ್ಗಿ, ಕಂದುಬಣ್ಣಕ್ಕೆ ತಿರುಗಿ, ಮಗುಚಿದರೂ ಮತ್ತೆ ಕಾಯದ ಸ್ಥಿತಿಗೆ ಬರುತ್ತದೆ. ಆಗ ಅದು ಹುಳುವಿನ ಆಹಾರ.

ಹಬ್ಬಗಳಿಗೆ ಬೇರೆಯೇ ಸಿದ್ಧತೆ ಬೇಕು. ಆಯುಧಪೂಜೆಯ ಮರುದಿನ ಒಡೆದ ಬೂದುಗುಂಬಳ ಮತ್ತು ಬಾಳೆಕಂದುಗಳು ಒಂದೇ ದಿನ ಗಾಡಿಗಟ್ಟಲೆ ಬರುತ್ತವೆ. ಕುಂಬಳ ಬಹುಪಾಲು ನೀರೇ. ಅದನ್ನು ಹಾಗೆಯೇ ರಾಶಿಗೆ ಹಾಕಿದರೆ ಇಡೀ ರಾಶಿ ಕೆಸರಾಗುತ್ತದೆ. ಅದರೊಳಗಿನ ನಾಣ್ಯ ತೆಗೆದು, ಚೂರುಮಾಡಿ, ಸಮಪಾಲು ಒಣ ಎಲೆಯೊಡನೆ ಬೇರೆ ರಾಶಿ ಮಾಡಿ. ಬಾಳೆಕಂದನ್ನು ಕೊಚ್ಚಿ ಎರಡು ದಿನ ಬಾಡಿಸಿ. ಕಲ್ಯಾಣ ಮಂಟಪದ ಊಟದೆಲೆಗಳೂ ಹೀಗೆಯೇ ಒಮ್ಮೆಲೇ ಬರುವುದರಿಂದ ಮದುವೆಯ ದಿನಗಳ ಪಟ್ಟಿಯನ್ನು ಮಂಟಪದವರಿಂದ ಮುಂಚೆಯೇ ಪಡೆಯಬೇಕು. ಮಾರ್ಚ್, ಏಪ್ರಿಲ್‌ನ ಎಲೆ ಉದುರುವ ಕಾಲದಲ್ಲಿ ಉದ್ಯಾನ ಮತ್ತು ಶಾಲಾ ಆವರಣದ ಒಣ ಎಲೆಯನ್ನು ಸುಡಲು ಬಿಡದೆ ಚೀಲಗಳಲ್ಲಿ ಕೂಡಿಟ್ಟರೆ ಮಳೆಗಾಲಕ್ಕೆ ಆಗುತ್ತದೆ. ಒಣ ಎಲೆಯ ದಾಸ್ತಾನು ಮುಗಿದ ಘಟಕ ಜುಲೈನಲ್ಲಿ ನಾರತೊಡಗುತ್ತದೆ, ಮತ್ತು ಅಕ್ಕಪಕ್ಕದವರ ಮೊದಲ ದೂರು ಆಗಲೇ ಬರುತ್ತದೆ.

ಹಂತ 5: ತೊಟ್ಟಿಗಳನ್ನು ಕಟ್ಟಿ

ಒಂದು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದ, ಅರ್ಧ ಮೀಟರಿಗೆ ತುಸು ಹೆಚ್ಚಿನ ಎತ್ತರದ ತೊಟ್ಟಿ ಸಾಕು. ಅಗಲ ಇದಕ್ಕಿಂತ ಹೆಚ್ಚಾದರೆ ಎರಡೂ ಬದಿಯಿಂದ ಕೈ ಎಟುಕುವುದಿಲ್ಲ. ಆಳ ಹೆಚ್ಚಾದರೆ ತಳ ಒತ್ತಿಕೊಂಡು ಗಾಳಿಯಿಲ್ಲದೆ ಕೆಡುತ್ತದೆ. ಇಟ್ಟಿಗೆಯೋ ಕಡಪ ಕಲ್ಲೋ ಆಗಬಹುದು. ತಳ ಒಂದು ಕಡೆಗೆ ವಾಟವಾಗಿದ್ದು ನೀರು ಹೊರಹೋಗಲು ರಂಧ್ರವಿರಬೇಕು.

ಒಂದು ವಾರದ ಅರೆಕಳಿತ ರಾಶಿಗೆ ಸಗಣಿ ಸೇರಿದರೆ ಒಂದು ಟನ್‌ಗೆ ಸಮೀಪವಾಗಿ ಒಂದು ತೊಟ್ಟಿ ತುಂಬುತ್ತದೆ. ತೊಟ್ಟಿ ತುಂಬಿ, ಗೊಬ್ಬರವಾಗಿ, ಖಾಲಿಯಾಗಲು ಸುಮಾರು 70 ದಿನ ಹಿಡಿಯುವುದರಿಂದ ಕೊನೆಗೆ ಹತ್ತು ತೊಟ್ಟಿಗಳು ಬೇಕಾಗುತ್ತವೆ. ಆದರೆ ಮೊದಲು ಎರಡನ್ನೇ ಕಟ್ಟಿ. ತೊಟ್ಟಿಗಳ ಸುತ್ತ ಇರುವೆ ಬಾರದಂತೆ ಕಿರಿದಾದ ನೀರಿನ ಕಾಲುವೆ ಇರಲಿ, ಮತ್ತು ಸೊಳ್ಳೆ ಮರಿ ಬೆಳೆಯದಂತೆ ಅದರ ನೀರನ್ನು ನಾಲ್ಕು ದಿನಕ್ಕೊಮ್ಮೆ ಪೂರ್ತಿ ಬದಲಿಸಿ. ಹೆಗ್ಗಣ, ಕೋಳಿ, ಹಂದಿಗಳನ್ನು ತಡೆಯಲು ತಂತಿಬಲೆ ಬೇಕೇ ಬೇಕು.

ಹಂತ 6: ಪರೀಕ್ಷಿಸಿ, ಆಮೇಲೆ ಹುಳು ಬಿಡಿ

ಹೊಲದಲ್ಲಿ ಅಗೆದಾಗ ಸಿಗುವ ಮಣ್ಣುತಿನ್ನುವ ಎರೆಹುಳು ಈ ಕೆಲಸಕ್ಕೆ ಬಾರದು. ಕಸವನ್ನು ತಿನ್ನುವ, ಮೇಲ್ಪದರದಲ್ಲಿ ಬದುಕುವ ಜಾತಿಗಳು ಬೇಕು. ಐಸೀನಿಯಾ ಫೀಟಿಡಾ ಏರಿಳಿತಗಳನ್ನು ತಾಳಿಕೊಳ್ಳುವ, ಹೊಸಬರಿಗೆ ಹೊಂದುವ ಹುಳು. ಯೂಡ್ರಿಲಸ್ ಯೂಜೀನಿಯೆ ದೊಡ್ಡದು, ಬೆಚ್ಚಗಿನ ವಾತಾವರಣದಲ್ಲಿ ಬೇಗ ತಿನ್ನುತ್ತದೆ, ಆದರೆ ಸ್ವಲ್ಪ ಅಸಮಾಧಾನವಾದರೂ ತೊಟ್ಟಿ ಬಿಟ್ಟು ಹೊರಡುತ್ತದೆ. ಕೃಷಿ ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರ ಅಥವಾ ಚೆನ್ನಾಗಿ ನಡೆಯುತ್ತಿರುವ ಹತ್ತಿರದ ಘಟಕದಿಂದ ತರುವುದು ಕ್ಷೇಮ.

ತೊಟ್ಟಿಯ ತಳಕ್ಕೆ ತೆಂಗಿನ ನಾರಿನ ಪದರ, ಅದರ ಮೇಲೆ ಅರೆಕಳಿತ ಕಸ, ನಡುನಡುವೆ 10ರಿಂದ 15 ದಿನ ಹಳೆಯದಾದ ಸಗಣಿ ಹಾಕಿ. ಹಸಿ ಸಗಣಿಯೂ ಕಾಯುತ್ತದೆ ಎಂಬುದನ್ನು ಮರೆಯಬಾರದು. ಜಂತುಹುಳುವಿನ ಔಷಧಿ ಕೊಟ್ಟ ದನಗಳ ಸಗಣಿಯನ್ನು ಕೆಲವು ವಾರ ತರಬಾರದು. ಅದರಲ್ಲಿ ಉಳಿದ ಔಷಧಿ ಎರೆಹುಳುವಿಗೂ ಹಾನಿ ಮಾಡಬಲ್ಲದು.

ಈಗ ಒಂದು ಚಿಕ್ಕ ಬುಟ್ಟಿಯಲ್ಲಿ ಇದೇ ಮಿಶ್ರಣ ತುಂಬಿ, 50 ಹುಳು ಬಿಟ್ಟು, ಒದ್ದೆ ಗೋಣಿ ಮುಚ್ಚಿ 24 ಗಂಟೆ ಬಿಡಿ. ಹುಳುಗಳು ಒಳಗಿಳಿದು ಚುರುಕಾಗಿದ್ದರೆ ತೊಟ್ಟಿ ಸಿದ್ಧವಾಗಿದೆ. ಅಂಚಿಗೆ ಹತ್ತಿದ್ದರೆ, ಗೊಂಚಲಾಗಿ ಮೇಲೆಯೇ ಕುಳಿತಿದ್ದರೆ ಅಥವಾ ಸತ್ತಿದ್ದರೆ ಮಿಶ್ರಣವನ್ನು ಹರಡಿ ಇನ್ನೊಂದು ವಾರ ಬಿಟ್ಟು ಮತ್ತೆ ಪರೀಕ್ಷಿಸಿ. ಈ ಪರೀಕ್ಷೆಗೆ ಯಾವ ಖರ್ಚೂ ಇಲ್ಲ, ಆದರೂ ಇದನ್ನು ಮಾಡುವವರು ತೀರ ಕಡಿಮೆ.

ಒಂದು ತೊಟ್ಟಿಗೆ 5 ಕಿಲೋ ಹುಳು ಸಾಕು. ಸಂಜೆಯ ಹೊತ್ತು ಮೇಲ್ಭಾಗದಲ್ಲಿ ಹರಡಿ. ಅವು ತಾವಾಗಿಯೇ ಇಳಿಯುತ್ತವೆ. ಮೊಟ್ಟೆಗೂಡು ಒಡೆಯಲು ಸುಮಾರು ಮೂರು ವಾರ, ಮರಿ ಬೆಳೆದು ತಾನು ಮೊಟ್ಟೆಯಿಡಲು ಇನ್ನೂ ಆರರಿಂದ ಎಂಟು ವಾರ ಬೇಕು. ಆದ್ದರಿಂದ ಮೊದಲ ಎರಡು ತೊಟ್ಟಿಗಳಲ್ಲಿ ಹುಳು ಹೆಚ್ಚುವ ತನಕ ಉಳಿದ ವಾರಗಳ ರಾಶಿಗಳನ್ನು ಇನ್ನೆರಡು ತಿಂಗಳು ಹಾಗೆಯೇ ಕಳಿಯಲು ಬಿಟ್ಟು ಸಾಮಾನ್ಯ ಕಾಂಪೋಸ್ಟ್ ಮಾಡಿಕೊಳ್ಳಿ. ಹತ್ತೂ ತೊಟ್ಟಿಗೆ ಒಮ್ಮೆಲೇ ಹುಳು ಕೊಂಡರೆ ಒಂದು ತಪ್ಪು ಎಲ್ಲವನ್ನೂ ಕೊಲ್ಲುತ್ತದೆ.

ಹಂತ 7: ದಿನದ ಆರೈಕೆ ಮತ್ತು ಅಪಾಯದ ಗುರುತುಗಳು

ತೊಟ್ಟಿಯ ಮೇಲೆ ಸದಾ ಒದ್ದೆ ಗೋಣಿ ಇರಬೇಕು. ನೀರನ್ನು ಸುರಿಯದೆ ಚಿಮುಕಿಸಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಸಾಕಾದೀತು, ಬೇಸಿಗೆಯಲ್ಲಿ ದಿನಕ್ಕೆರಡು ಸಲವೂ ಬೇಕಾದೀತು. ಹುಳು ತನ್ನ ತೂಕದ ಸುಮಾರು ಅರ್ಧದಷ್ಟನ್ನು ದಿನವೊಂದಕ್ಕೆ ತಿನ್ನುತ್ತದೆ ಎಂಬ ಲೆಕ್ಕವಿದೆ. ಹಾಗಾಗಿ ಅಧಿಕಾರಿಗಳ ಭೇಟಿಗೆ ಮುನ್ನ ಬೇಗ ಗೊಬ್ಬರ ತೋರಿಸಬೇಕೆಂದು ಮೇಲೆ ಮೇಲೆ ಕಸ ತುಂಬುವುದರಿಂದ ಕೆಲಸ ಬೇಗ ಆಗುವುದಿಲ್ಲ.

ಹುಳುಗಳು ಗೋಡೆ ಹತ್ತುತ್ತಿದ್ದರೆ ಒಳಗೆ ಬಿಸಿ, ಹುಳಿ ಅಥವಾ ಅಮೋನಿಯಾ ಇದೆ. ಮಿಶ್ರಣವನ್ನು ಮೆಲ್ಲಗೆ ಸಡಿಲಿಸಿ ನಡುವೆ ಕೈಯಿಟ್ಟು ನೋಡಿ. ಹುಳುಗಳು ಬಿಳಿಚಿ, ಮಣಿಸರದಂತೆ ಗಂಟುಗಂಟಾಗಿ ಊದಿಕೊಂಡಿದ್ದರೆ ಅನ್ನ, ಸಾಂಬಾರಿನಂತಹ ಹುಳಿಯುವ ಪದಾರ್ಥ ಹೆಚ್ಚಾಗಿದೆ; ಅದನ್ನು ತೆಗೆದು ಹಳೆಯ ಸಗಣಿ ಮತ್ತು ಒಣ ಎಲೆ ಸೇರಿಸಿ. ಇರುವೆ ಕಂಡರೆ ತೊಟ್ಟಿ ಒಣಗಿದೆ ಎಂದು ತಿಳಿಯಿರಿ. ಇರುವೆ ಪುಡಿ ಹಾಕಿದರೆ ಹುಳುಗಳೂ ಸಾಯುತ್ತವೆ, ನೀರು ಚಿಮುಕಿಸಿ ಕಾಲುವೆ ತುಂಬಿಸುವುದೇ ದಾರಿ. ಕೆಂಪು ನುಸಿ ಮುತ್ತಿದರೆ ತೇವ ಹೆಚ್ಚಾಗಿದೆ. ದಪ್ಪನೆಯ, ಚಪ್ಪಟೆಯಾದ, ಬೂದುಬಣ್ಣದ ನೊಣದ ಮರಿಹುಳುಗಳು ಗಿಜಿಗುಡುತ್ತಿದ್ದರೆ ಕಸ ಇನ್ನೂ ಹಸಿಯಾಗಿರುವಾಗಲೇ ತೊಟ್ಟಿಗೆ ಬಂದಿದೆ, ಅಂದರೆ ನಾಲ್ಕನೆಯ ಹಂತದಲ್ಲಿ ಅವಸರವಾಗಿದೆ.

ಪ್ರತಿದಿನ ಒಳಬಂದ ಕಸದ ತೂಕ, ಅದರಿಂದ ಆರಿಸಿ ತೆಗೆದದ್ದರ ತೂಕ, ರಾಶಿಗಳ ಉಷ್ಣತೆ ಮತ್ತು ಮಗುಚಿದ ದಿನಾಂಕಗಳನ್ನು ದಿನಚರಿಯಲ್ಲಿ ಬರೆಯಬೇಕು. ಆರಿಸಿ ತೆಗೆದದ್ದರ ತೂಕ ಏರತೊಡಗಿದರೆ ಯಾವ ಬೀದಿಯಿಂದ ಎಂದು ಹುಡುಕಿ ಅದೇ ವಾರ ಅಲ್ಲಿಗೆ ಹೋಗಬೇಕು.

ಹಂತ 8: ಗೊಬ್ಬರ ತೆಗೆದು, ಜರಡಿ ಹಿಡಿದು, ಪರೀಕ್ಷಿಸಿ

ಚಹಾಪುಡಿಯಂತೆ ಕಪ್ಪಗೆ, ಹರಳುಹರಳಾಗಿ, ಮಣ್ಣಿನ ವಾಸನೆ ಬಂದಾಗ ನಾಲ್ಕೈದು ದಿನ ನೀರು ನಿಲ್ಲಿಸಿ. ಹುಳುಗಳು ತಳಕ್ಕಿಳಿಯುತ್ತವೆ, ಮೇಲಿನ ಗೊಬ್ಬರವನ್ನು ಕೈಯಿಂದ ತೆಗೆದು ನೆರಳಿನಲ್ಲಿ ಗುಡ್ಡೆ ಮಾಡಿ, ಆಮೇಲೆ ಜರಡಿ ಹಿಡಿಯಿರಿ. ಜರಡಿಯ ಮೇಲುಳಿದ ಒರಟು ಭಾಗದಲ್ಲಿ ಮರಿಗಳೂ ಮೊಟ್ಟೆಗೂಡುಗಳೂ ಇರುವುದರಿಂದ ಪ್ಲಾಸ್ಟಿಕ್ ಚೂರುಗಳನ್ನು ಆರಿಸಿ ಅದನ್ನು ಹೊಸ ತೊಟ್ಟಿಗೆ ಹಾಕಿ. ಬಿಸಿಲಿನಲ್ಲಿ ಒಣಗಿಸಬಾರದು. ಮೂಲ ಹಸಿಕಸದ ತೂಕದ ಐದನೇ ಒಂದರಷ್ಟು ಗೊಬ್ಬರ ಸಿಕ್ಕರೆ ಘಟಕ ಚೆನ್ನಾಗಿ ನಡೆಯುತ್ತಿದೆ; ಇದಕ್ಕಿಂತ ಬಹಳ ಹೆಚ್ಚು ಬಂದರೆ ಅದರಲ್ಲಿ ಮಣ್ಣೋ ನೀರೋ ಸೇರಿದೆ.

ಚೀಲಕ್ಕೆ ತುಂಬಿ ಮಾರುವ ಮುನ್ನ ಪ್ರಯೋಗಾಲಯದ ಪರೀಕ್ಷೆ ಅಗತ್ಯ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಮಾನದಂಡದಂತೆ ಎರೆಗೊಬ್ಬರದಲ್ಲಿ ತೇವಾಂಶ ಶೇ 15ರಿಂದ 25, ಸಾವಯವ ಇಂಗಾಲ ಕನಿಷ್ಠ ಶೇ 18, ಸಾರಜನಕ ಕನಿಷ್ಠ ಶೇ 1 ಇರಬೇಕು. ಸೀಸ ಕಿಲೋಗೆ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ಅದಕ್ಕೂ ಮೊದಲು ಒಂದು ಕುಂಡದಲ್ಲಿ ಗೊಬ್ಬರ ಬೆರೆಸಿದ ಮಣ್ಣು, ಇನ್ನೊಂದರಲ್ಲಿ ಬರೀ ಮಣ್ಣು ತುಂಬಿ ಹೆಸರುಕಾಳು ಬಿತ್ತಿ ನೋಡಿ. ಗೊಬ್ಬರದ ಕುಂಡದಲ್ಲಿ ಮೊಳಕೆ ಕಡಿಮೆಯಾದರೆ ಅದು ಇನ್ನೂ ಪಕ್ವವಾಗಿಲ್ಲ. ಒಮ್ಮೆ ಗಾಜಿನ ಚೂರು ಸಿಕ್ಕ ರೈತರು ಪುರಸಭೆಯ ಗೊಬ್ಬರವನ್ನು ಮತ್ತೆ ಮುಟ್ಟುವುದಿಲ್ಲ, ಆದ್ದರಿಂದ ಮೊದಲ ತೊಟ್ಟಿಗಳ ಗೊಬ್ಬರವನ್ನು ಊರಿನ ಉದ್ಯಾನಕ್ಕೂ ಬೇರ್ಪಡಿಸಿ ಕೊಟ್ಟ ಮನೆಗಳ ಹೂಕುಂಡಗಳಿಗೂ ಕೊಡುವುದು ಸೂಕ್ತ.

ಹಂತ 9: ಮುಂದಿನ ವಾರ್ಡಿಗೆ ಹೋಗುವುದು

ಹತ್ತೂ ತೊಟ್ಟಿಗಳು ಒಂದು ಮಳೆಗಾಲವನ್ನೂ ಒಂದು ಬೇಸಿಗೆಯನ್ನೂ ದಾಟಿದ ಮೇಲೆ ವಿಸ್ತರಣೆಯ ಮಾತಾಡಬಹುದು. 15 ಸಾವಿರ ಜನರ ಪಟ್ಟಣದ ಸುಮಾರು ಎರಡು ಟನ್ ಹಸಿಕಸವನ್ನೆಲ್ಲ ಹುಳುವಿಗೇ ಕೊಡಬೇಕೆಂದರೆ ಇದೇ ಲೆಕ್ಕದಲ್ಲಿ ನೂರು ತೊಟ್ಟಿಗಳು ಬೇಕು. ಅಷ್ಟು ಜಾಗ ಮತ್ತು ಕೈಗಳು ಎಲ್ಲ ಊರಿನಲ್ಲೂ ಇರುವುದಿಲ್ಲ. ಸಂತೆಯ ಸೊಪ್ಪು ತರಕಾರಿ ಮತ್ತು ಚೆನ್ನಾಗಿ ಬೇರ್ಪಡಿಸುವ ವಾರ್ಡುಗಳ ಕಸವನ್ನು ಹುಳುವಿಗೆ ಮೀಸಲಿಟ್ಟು, ಉಳಿದ ಹಸಿಕಸವನ್ನು ರಾಶಿಯಲ್ಲೇ ಪೂರ್ತಿ ಕಳಿಸುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ವಿವೇಕದ ಹಾದಿ. ಹೊಸ ವಾರ್ಡ್ ಸೇರಿಸುವಾಗಲೂ 100 ಕಿಲೋ ಕಸ ಹರಡಿ ಆರಿಸುವ ಎರಡನೆಯ ಹಂತದ ಅಳತೆಯಿಂದಲೇ ಆರಂಭಿಸಿ, ಆ ವಾರ್ಡಿನ ಮೊದಲ ರಾಶಿ ಕಾದು ತಣಿದ ಮೇಲೆ ಹಳೆಯ ತೊಟ್ಟಿಗಳಿಂದ ಹೆಚ್ಚಾದ ಹುಳುಗಳನ್ನು ಅಲ್ಲಿಗೆ ಸಾಗಿಸಬೇಕು.